ಬಾಲ್ಕನಿಯ ಕೆಳಗೆ

ಎನ್.ಆರ್. ಕಾಲೋನಿಯ ಆ ಹೊಸ ಮನೆಗೆ ನೀರು ಹೊಡೆಯುವ ಕೆಲಸ ನನ್ನದು. ಕಾಂಕ್ರೀಟ್ ಹಾಕಿದ ಮೇಲೆ ಅದು ಬಲಿಯುವವರೆಗೆ ದಿನಾ ನೀರು ಕುಡಿಸಬೇಕು. ಕ್ಯೂರಿಂಗ್ ಎನ್ನುತ್ತಾರೆ. ನೋಡುವವರಿಗೆ ನಾನು ಪೈಪ್ ಹಿಡಿದು ನಿಂತ ಹುಡುಗಿ, ಅಷ್ಟೇ. ಅಂಥವಳ ಎದುರಿಗೆ ಎಲ್ಲರೂ ಎಲ್ಲವನ್ನೂ ಮಾತಾಡುತ್ತಾರೆ.

ಆ ಬುಧವಾರ ಬೆಳಿಗ್ಗೆ ನಾನು ಬಾಲ್ಕನಿಯ ಮೇಲಿದ್ದೆ. ಕೆಳಗೆ ಗೇಟಿನ ಹತ್ತಿರ ಮನೆ ಮಾಲೀಕರಾದ ರಾಮಾನುಜ, ಅವರ ಹೆಂಡತಿ ಆಂಡಾಳ್, ಇಂಜಿನಿಯರ್ ನಿಶಾಂತ್. ಪಕ್ಕದಲ್ಲಿ ಮುರುಗೇಶ ಮೇಸ್ತ್ರಿ.

"ಶುಕ್ರವಾರ ಬಾಗಿಲು ಇಡೋ ಪೂಜೆ. ಅದು ತಪ್ಪಿದ್ರೆ ಆಷಾಢ," ಎಂದರು ಆಂಡಾಳ್. "ಬಾಗಿಲ ಮುಂದೆ ಈ ಕಬ್ಬಿಣದ ಕಾಡು ಇಟ್ಕೊಂಡು ಹೋಮ ಎಲ್ಲಿ ಮಾಡೋದು?"

ಕಾಡು ಅಂದದ್ದು ಜಾಕಿಗಳಿಗೆ. ಮುಂದಕ್ಕೆ ಆರು ಅಡಿ ಚಾಚಿಕೊಂಡಿದ್ದ ಬಾಲ್ಕನಿಯನ್ನು, ಅದರಡಿಯ ತಗಡಿನ ಶೀಟುಗಳ ಸಮೇತ, ಸಾಲು ಜಾಕಿಗಳು ಕೆಳಗಿನಿಂದ ಹೊತ್ತು ನಿಂತಿದ್ದವು.

"ಇವತ್ತೇ ಬಿಚ್ಚಿಸ್ತೀನಿ ಮೇಡಂ," ಎಂದ ನಿಶಾಂತ್. "ಏಳು ದಿನಕ್ಕೆ ಬಿಚ್ಚಬಹುದು. ಇದಕ್ಕೆ ಹನ್ನೊಂದಾಗಿದೆ."

ನನಗೆ ಮೈ ಉರಿಯಿತು. ಒಳಗಿನ ಕೋಣೆಗಳ ಸ್ಲ್ಯಾಬಿಗೆ ನಾಲ್ಕೂ ಕಡೆ ಬೀಮ್ ಇದೆ, ಬೀಮಿಗೆ ಪಿಲ್ಲರ್ ಇದೆ. ಅದನ್ನು ಬೇಗ ಬಿಚ್ಚಿದರೂ ನಡೆದೀತು. ಬಾಲ್ಕನಿಗೆ ಹಿಂದೆ ಮಾತ್ರ ಹಿಡಿತ, ಮುಂದೆ ಬರೀ ಗಾಳಿ. ಅದಕ್ಕೆ ಕ್ಯಾಂಟಿಲಿವರ್ ಅನ್ನುತ್ತಾರೆ, ಅದರ ಜಾಕಿ ಎಲ್ಲಕ್ಕಿಂತ ಕೊನೆಗೆ ತೆಗೆಯಬೇಕು ಎಂದು ಹೇಳಿಕೊಟ್ಟವರೇ ಮುರುಗೇಶ ಮೇಸ್ತ್ರಿ. ಸಾಲದ್ದಕ್ಕೆ, ಆ ಹನ್ನೊಂದು ದಿನಗಳಲ್ಲಿ ಮೂರು ದಿನ ಟ್ಯಾಂಕರ್ ಬಂದಿರಲಿಲ್ಲ. ಮೇಲೆ ಹಾಸಿದ್ದ ಗೋಣಿಚೀಲಗಳು ಒಣಗಿ ಹಪ್ಪಳವಾಗಿದ್ದವು.

ಮೇಸ್ತ್ರಿ ಹೇಳುತ್ತಾರೆ ಎಂದು ಕಾದೆ. ಅವರು ತಲೆಯ ಟವಲ್ ಬಿಚ್ಚಿ, ಕೊಡವಿ, ಮತ್ತೆ ಸುತ್ತಿಕೊಂಡರು.

"ಬಸವಮ್ಮಾ, ಬಾ. ಆಳುಗಳು ಜಾಕಿ ಸಡಿಲಿಸ್ತಾರೆ, ನೀನು ಶೀಟ್ ಎಳ್ದು ಹೊರಗೆ ಹಾಕು," ಎಂದು ಕೂಗಿದರು.

ಬಸವಮ್ಮ ನನ್ನ ಅಮ್ಮ. ಸೆರಗು ಸಿಕ್ಕಿಸಿಕೊಂಡು ಬಾಲ್ಕನಿಯ ಅಡಿಗೆ ಹೋಗಿಯೇಬಿಟ್ಟಳು.

ಪೈಪ್ ಬಿಸಾಕಿ ಮೆಟ್ಟಿಲು ಇಳಿದೆ. "ಬೇಡ," ಅಂದೆ. ಯಾರಿಗೂ ಕೇಳಿಸಲಿಲ್ಲ. ನನ್ನ ದನಿಯೇ ಅಷ್ಟು. ಇನ್ನೊಮ್ಮೆ ಕಿರುಚಿದೆ. ಸುತ್ತಿಗೆ ಎತ್ತಿದ್ದ ಆಳು ಹಾಗೇ ನಿಂತ.

"ಏನಮ್ಮಾ ನಿಂದು?" ಎಂದ ನಿಶಾಂತ್.

"ಬಾಲ್ಕನಿ ಇನ್ನೂ ಬಲಿತಿಲ್ಲ ಸರ್. ಮೂರು ದಿನ ನೀರೇ ಬಿದ್ದಿಲ್ಲ."

"ಓಹೋ! ಎಷ್ಟನೇ ಕ್ಲಾಸ್ ಓದಿದೀಯ?"

"ಎಂಟು."

"ಮೇಸ್ತ್ರಿ, ನಿಮ್ಮ ಸೈಟಲ್ಲಿ ಎಂಟಕ್ಕೇ ಇಂಜಿನಿಯರಿಂಗ್ ಮುಗಿದೋಗುತ್ತಾ?"

ಆಳುಗಳು ನಕ್ಕರು. ಮೇಸ್ತ್ರಿಯೂ ನಕ್ಕರು. ಆ ನಗು ನನ್ನ ನೆತ್ತಿಗೇರಿತು.

ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ದರದರ ಎಳೆದು ತಂದು ಬಾಲ್ಕನಿಯ ಅಂಚಿನ ಕೆಳಗೆ ಇಟ್ಟೆ. ಅಮ್ಮನ ರಟ್ಟೆ ಹಿಡಿದು ಹೊರಗೆ ಎಳೆದೆ.

"ಇಲ್ಲಿ ಕೂತ್ಕೊಳ್ಳಿ ಸರ್. ನೀವು ಕೂತ್ಮೇಲೆ ಬಿಚ್ಚಲಿ."

"ಏನು, ತಮಾಷೆನಾ?"

"ಏಳು ದಿನ ಸಾಕು ಅಂದ್ರಲ್ಲ. ನಮ್ಮಮ್ಮ ನಿಲ್ಲೋ ಜಾಗ ಇದೇ. ಐದು ನಿಮಿಷ ಕೂತ್ಕೊಳ್ಳಿ."

"ರಂಜಿನೀ, ಬಾಯ್ಮುಚ್ಚೇ!" ಅಮ್ಮ ಬೆನ್ನಿಗೆ ಗುದ್ದಿದಳು. "ತಪ್ಪು ತಿಳ್ಕೋಬೇಡಿ ಸರ್, ಇದಕ್ಕೆ ಬುದ್ಧಿ ಇಲ್ಲ."

ನಿಶಾಂತ್ ಕುರ್ಚಿ ನೋಡಿದ, ಬಾಲ್ಕನಿ ನೋಡಿದ, ಫೋನ್ ತೆಗೆದು ಏನೋ ಒತ್ತಿದ. ಕಾಲು ಮಾತ್ರ ಮುಂದಿಡಲಿಲ್ಲ.

ಅಲ್ಲಿಯವರೆಗೆ ಸುಮ್ಮನಿದ್ದ ರಾಮಾನುಜ ಮೆಲ್ಲಗೆ ಅಂದರು: "ಕೂತ್ಕೊಳ್ರಿ ನಿಶಾಂತ್. ಕೇಳ್ತಿದಾಳಲ್ಲ."

"ಸರ್, ಸೇಫ್ಟಿ ಪ್ರಕಾರ ಬಿಚ್ಚೋವಾಗ ಕೆಳಗೆ ಯಾರೂ ಇರಬಾರ್ದು..."

"ಹಾಗಾದ್ರೆ ಆಯಮ್ಮ?"

ರಾಮಾನುಜ ಮೇಸ್ತ್ರಿಯ ಕಡೆ ತಿರುಗಿದರು. "ನೀವು ಹೇಳ್ರಿ. ಇನ್ನೆಷ್ಟು ದಿನ?"

"ಇನ್ನೂ ಹದಿನೈದು ದಿನ ಇದ್ರೆ ಒಳ್ಳೇದು ಸ್ವಾಮಿ," ಎಂದರು ಮೇಸ್ತ್ರಿ, ನೆಲ ನೋಡುತ್ತಾ.

ಜಾಕಿಗಳು ಉಳಿದವು. ಹೋಮವನ್ನು ಒಳಗೆ ನಡುಮನೆಯಲ್ಲಿ ಮಾಡುವುದೆಂದಾಯಿತು. "ಶುಭಕಾರ್ಯದ ಮುಂಚೆ ಬೀಳೋ ಮಾತು ಆಡ್ತಾಳಲ್ಲ ಈ ಹುಡ್ಗಿ!" ಎಂದು ಆಂಡಾಳ್ ನನ್ನ ಮುಖ ನೋಡದೆ ಕಾರು ಹತ್ತಿದರು. ನಿಶಾಂತ್ ಹೋಗುವಾಗ ಮೇಸ್ತ್ರಿಯ ಕಿವಿಯಲ್ಲಿ ಏನೋ ಹೇಳಿ ಹೋದ.

ಏನು ಹೇಳಿದ ಎಂದು ಮಧ್ಯಾಹ್ನ ಗೊತ್ತಾಯಿತು. ಮೇಸ್ತ್ರಿ ನಮ್ಮ ಶೆಡ್ಡಿನ ಬಾಗಿಲಿಗೆ ಬಂದು ನಿಂತರು. "ನಾಳೆಯಿಂದ ನೀವಿಬ್ರೂ ಇಲ್ಲಿ ಬೇಡವಂತೆ. ಹನುಮಂತನಗರದಲ್ಲಿ ನಂದೇ ಇನ್ನೊಂದು ಸೈಟ್ ಇದೆ, ಅಲ್ಲಿಗೆ ಬನ್ನಿ. ರಂಜಿನಿ, ಬಾಯಿ ಸ್ವಲ್ಪ ಹಿಡಿತದಲ್ಲಿರಲಿ. ಇದೆಲ್ಲಾ ನಿಂಗೆ ಹೇಳ್ಕೊಟ್ಟಿದ್ದೇ ನಾನು ಕಣಮ್ಮ."

"ಅದಕ್ಕೇ ನಂಗೆ ಸಿಟ್ಟು," ಅಂದೆ. "ಆ ಇಂಜಿನಿಯರ್‌ಗಾದ್ರೂ ಮೂರು ದಿನ ನೀರಿಲ್ಲದ್ದು ಗೊತ್ತಿರಲಿಲ್ಲ. ನಿಮಗೆ ಎಲ್ಲಾ ಗೊತ್ತಿತ್ತು."

ಅಮ್ಮ ಪಾತ್ರೆಗಳನ್ನು ಚೀಲಕ್ಕೆ ತುಂಬುತ್ತಿದ್ದಳು. ಕೈ ನಿಲ್ಲಿಸಿದಳು. "ನಾನೆಲ್ಲಿ ನಿಂತಿದ್ದೆ ಅಂತ ನಿಮಗೆ ಕಾಣಿಸ್ತಿತ್ತಲ್ಲ ಮೇಸ್ತ್ರಿ?"

ಅವರು ಮತ್ತೆ ತಲೆಯ ಟವಲ್ ಬಿಚ್ಚಿ ಕೊಡವತೊಡಗಿದರು.

"ಹೋಗಿ," ಎಂದಳು ಅಮ್ಮ. "ನಾವು ಬೇರೆ ಕಡೆ ನೋಡ್ಕೋತೀವಿ."