ಶಾಂತರಾಜು ಕೇಳಿದ ಮೊದಲ ಪ್ರಶ್ನೆ

ಚನ್ನರಾಯಪಟ್ಟಣದ ಬಸ್‌ಸ್ಟ್ಯಾಂಡ್ ಎದುರಿನ ಮೊಳದಗಲದ ಜೆರಾಕ್ಸ್ ಅಂಗಡಿಯಲ್ಲಿ ಕೂತು ಶಾಂತರಾಜು ಅರ್ಧ ಭೂಮಂಡಲವನ್ನು ಇನ್ನರ್ಧ ಭೂಮಂಡಲಕ್ಕೆ ಕಳಿಸಿದ್ದಾನೆ. ಇದು ಅವನೇ ಹೇಳುವ ಮಾತು; ಸಂಕೋಚಕ್ಕೆ ಕಮ್ಮಿ ಮಾಡಿ ಹೇಳುತ್ತಾನೆಂದು ಪಕ್ಕದ ಎಳನೀರಿನವನ ಅನುಮಾನ. ರೇಷನ್ ಕಾರ್ಡಾಗಲಿ, ಪಾಸ್‌ಪೋರ್ಟಾಗಲಿ, ವೀಸಾ ಆಗಲಿ, ಅವನು ತುಂಬಿದ ಅರ್ಜಿ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ವಾಪಸ್ಸಾಗಿಲ್ಲ.

ಅವನ ದೊಡ್ಡ ವಿದ್ಯೆಯೆಂದರೆ, ಗಂಡೋ ಹೆಣ್ಣೋ ಎಂಬ ಕಾಲಂ ಬಂದಾಗ ಯಾರನ್ನೂ ಕೇಳದಿರುವುದು. ಗಿರಾಕಿ ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಿಗೇ ಗುಂಡಿ ಒತ್ತಿ ಮುಗಿಸಿರುತ್ತಿದ್ದ. ಕೇಳುವುದು ಅವಮರ್ಯಾದೆ ಎಂಬುದು ಅವನ ಸಿದ್ಧಾಂತ.

ಹೀಗಿರುವಾಗ ಒಂದು ಪರದೇಶದವರು ತಮ್ಮ ವೀಸಾ ಅರ್ಜಿ ಬದಲಾಯಿಸಿದರು. ಆ ದೇಶದ ಹೆಸರನ್ನು ಶಾಂತರಾಜು ದಿನಕ್ಕೊಂದು ಥರ ಉಚ್ಚರಿಸುತ್ತಿದ್ದ, ಅದು ಬೇರೆ ಮಾತು. ಗಂಡು, ಹೆಣ್ಣು ಅಂತಿದ್ದ ಕಡೆ ಈಗ ಮೂರನೆಯದೊಂದು ಬಂದು ಕೂತಿತ್ತು. ಬೆಳಿಗ್ಗೆ ಹನ್ನೊಂದಕ್ಕೆ ಅದನ್ನು ನೋಡಿದವನು ಹನ್ನೆರಡರ ಹೊತ್ತಿಗೆ, ಆ ಸರ್ಕಾರ ತನಗೇ ಫೋನ್ ಮಾಡಿ ಸಲಹೆ ಕೇಳಿತ್ತೇನೋ ಎಂಬಂತೆ ಹೇಳಿಕೊಂಡು ತಿರುಗಾಡಿದ. ಆ ಗುಂಡಿ ಒತ್ತುವ ಭಾಗ್ಯ ಜಿಲ್ಲೆಯಲ್ಲೇ ಮೊದಲು ತನ್ನದಾಗಬೇಕೆಂದು ಅವನ ಬೆರಳು ತುರಿಸತೊಡಗಿತು.

ಆಗಲೇ ಶಾಂತಿಗ್ರಾಮದ ಶೋಭಿತಾ ಬಂದಿದ್ದು. ಡೇರಿಯಲ್ಲಿ ಹಾಲಿನ ಫ್ಯಾಟು ನೋಡುವವಳು. ಹುಟ್ಟಿದಾಗ ಗಂಡುಮಗುವೆಂದು ಊರಿಗೆಲ್ಲ ಸಕ್ಕರೆ ಹಂಚಿದ್ದರು. ಹತ್ತು ವರ್ಷದ ಕೆಳಗೆ ತಾನು ಹೆಣ್ಣೆಂದು ಅವಳು ಹೇಳಿದಾಗ ಊರು ಒಂದು ವಾರ ಬಿಡದೆ ಮಾತಾಡಿತು. ದಿನಾ ಎರಡು ಹೊತ್ತು ಅವಳ ಮುಂದೆಯೇ ಕ್ಯಾನು ಹಿಡಿದು ನಿಲ್ಲಬೇಕಲ್ಲ ಎಂದು ಆಮೇಲೆ ಸುಮ್ಮನಾಯಿತು. ಈಗ ಬಸ್ಸಿನ ಕಂಡಕ್ಟರು ಕೂಡ ಅವಳನ್ನೇನೂ ಕೇಳದೆ ಹೆಂಗಸರ ಜೀರೋ ಟಿಕೆಟ್ ಹರಿದುಕೊಡುತ್ತಾನೆ.

ಆ ಪರದೇಶದಲ್ಲಿ ಲಾರಿ ಓಡಿಸುವ ಅವಳ ಅಣ್ಣ ಕೀರ್ತಿರಾಜನಿಗೆ ಮಗುವಾಗಿತ್ತು. ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳಬೇಕಾದವಳು ಸೋದರತ್ತೆ. ಆ ಮಗುವಿಗಿದ್ದ ಸೋದರತ್ತೆ ಇವಳೊಬ್ಬಳೇ. 'ನನ್ನ ತಂಗಿ ಬರಬೇಕು' ಎಂದು ಕೀರ್ತಿರಾಜ್ ಬರೆದ ಪತ್ರ ಅವಳ ಚೀಲದಲ್ಲಿತ್ತು. ನಾಮಕರಣಕ್ಕೆ ಉಳಿದಿದ್ದು ಒಂದೂವರೆ ತಿಂಗಳು. ಅರ್ಜಿ ವಾಪಸ್ ಬಂದರೆ ಮತ್ತೆ ಹಾಕಿಸುವಷ್ಟು ಹೊತ್ತಿರಲಿಲ್ಲ.

ಶಾಂತರಾಜು ಅವಳನ್ನು ಕೂರಿಸಿ, ಟಕಟಕನೆ ಬಡಿದು, ಅರ್ಜಿ ಕಳಿಸುವ ಕೊನೆಯ ಗುಂಡಿಯ ಮೇಲೆ ಮೌಸ್ ತಂದು ನಿಲ್ಲಿಸಿ, ತಾನೆಂಥ ಮುಂದುವರಿದ ಮನುಷ್ಯನೆಂದು ಹಾಸನದವರೆಗೂ ಕೇಳುವಂತೆ ಹೇಳತೊಡಗಿದ. ಶೋಭಿತಾ ಪರದೆಗೆ ಬಗ್ಗಿ ನೋಡಿದಳು. ಮೂರನೆಯ ಗುಂಡಿ ಒತ್ತಿಯಾಗಿತ್ತು. ಅವಳು ಮೌಸನ್ನೇ ಕಿತ್ತುಕೊಂಡು ಮಡಿಲಲ್ಲಿಟ್ಟುಕೊಂಡಳು.

"ಶಾಂತರಾಜಣ್ಣ, ನನ್ ಪಾಸ್‌ಪೋರ್ಟ್ ಬಿಚ್ಚಿ ನೋಡ್ದಾ?"

ಬಿಚ್ಚಿದ. ಹೆಣ್ಣು ಎಂದು ಅಚ್ಚಾಗಿತ್ತು. ಮೂರು ವರ್ಷ ಕಚೇರಿಗಳ ಮೆಟ್ಟಿಲು ಹತ್ತಿಳಿದು ಅವಳು ಮಾಡಿಸಿಕೊಂಡ ಅಚ್ಚು. ಪಾಸ್‌ಪೋರ್ಟಿನಲ್ಲೊಂದು ಅರ್ಜಿಯಲ್ಲೊಂದು ಇದ್ದರೆ ಆ ದೇಶ ಬಾಗಿಲಲ್ಲೇ ತಡೆಯುತ್ತಿತ್ತು. ಶಾಂತರಾಜುವಿನ ಹಣೆಯಿಂದ ಎರಡು ಕೊಡ ಬೆವರು ಇಳಿಯಿತು.

"ಮತ್ತೆ... ಏನ್ ಆಕ್ಲವ್ವಾ?" ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕೇಳಿದ. ದನಿ ಸೊಳ್ಳೆಯದಾಗಿತ್ತು.

"ಮೊದ್ಲು ನಿಂದೇಳು."

"ನಂದಾ? ಗಂಡು."

"ಯಾರ್ ಕೇಳವ್ರೆ ನಿನ್ನ ಇಲ್ಲೀಗಂಟ?"

"ಯಾರೂ ಇಲ್ಲ."

"ಕೇಳಿದ್ರೆ ಏನಾರ ಸವೆದೋಯ್ತಾ?" ಅವಳು ನಕ್ಕು ಮೌಸ್ ವಾಪಸ್ ಕೊಟ್ಟಳು. "ಎಣ್ಣು ಅಂತಾಕು. ಆ ಇನ್ನೊಂದ ಬೇಕಾದೋರು ಬತ್ತಾರೆ, ಅವ್ರ್ಗೆ ಮಡಗಿರು. ಅವ್ರನ್ನೂ ಕೇಳೇ ಆಕು, ಮಕ ನೋಡಿ ಅಲ್ಲ."

ವೀಸಾ ಬಂತು. ತಿಂಗಳೊಪ್ಪತ್ತಿಗೆ ಅವಳ ತಾಯಿ ಹೊನ್ನಕ್ಕ ಅಂಗಡಿಗೆ ಬಂದು ಮೊಬೈಲಲ್ಲಿ ವಿಡಿಯೋ ತೋರಿಸಿದಳು: ದಪ್ಪ ಸ್ವೆಟರಿನ ಮೇಲೆ ಸೆರಗು ಹೊದ್ದ ಶೋಭಿತಾ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಏನೋ ಹೇಳುತ್ತಿದ್ದಳು. ಹೇಳಿದ್ದೇನೆಂದು ಕೇಳಿಸಲಿಲ್ಲ. ಕೇಳಿಸದಿದ್ದದ್ದೇ ಸಾಕಾಯಿತು, ಮಗುವಿಗೆ ತನ್ನ ಹೆಸರೇ ಇಟ್ಟಿದ್ದಾರೆಂದು ಶಾಂತರಾಜು ಸಂಜೆಯೊಳಗೆ ಊರೆಲ್ಲ ನಂಬಿಸಿದ. ಅದು ಹೆಣ್ಣುಮಗು.

ಮಾರನೆಯ ದಿನ ತೆಂಗಿನಕಾಯಿ ಮಂಡಿಯ ಕೆಂಪಣ್ಣ ಪಾಸ್‌ಪೋರ್ಟ್ ಮಾಡಿಸಲು ಬಂದ. ಅವನ ಮೀಸೆಯ ನೆರಳಲ್ಲಿ ಎರಡು ಕುರಿ ಮಲಗಬಹುದು. ಶಾಂತರಾಜು ಆ ಮೀಸೆಯನ್ನೇ ನೋಡುತ್ತ, ಗಂಡೋ ಹೆಣ್ಣೋ ಇನ್ನೊಂದೋ ಎಂದು ಕೇಳಿದ. ಅಂಗಡಿಯಲ್ಲಿ ಜೆರಾಕ್ಸ್ ಮಿಷನ್ ಕೂಡ ಉಸಿರು ಬಿಗಿಹಿಡಿಯಿತು.

"ಅದ್ನೂ ಕೇಳ್ಬೇಕೇನ್ಲಾ?"

"ಕೇಳ್ಬೇಕು ಕಣಣ್ಣ. ಕೇಳ್ದೆ ಒತ್ತಿದ್ಕೆ ಒಂದ್ ಮಗು ಎಸ್ರಿಲ್ದೆ ನಿಂತ್ಕಬೇಕಾಗಿತ್ತು."

ಕೆಂಪಣ್ಣ ಮೀಸೆ ನೀವಿದ. ಅರವತ್ತು ವರ್ಷದಲ್ಲಿ ಯಾರೂ ತನ್ನ ಅಭಿಪ್ರಾಯವನ್ನು ಇಷ್ಟು ಮರ್ಯಾದೆಯಿಂದ ಕೇಳಿರಲಿಲ್ಲವೆಂದು ಅವನಿಗೆ ಹೊಳೆದಂತಿತ್ತು. ಬೆಂಚಿನ ಮೇಲೆ ನೆಟ್ಟಗೆ ಕೂತು, ಗಂಟಲು ಸರಿಮಾಡಿಕೊಂಡು, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ತನ್ನ ಉತ್ತರ ಹೇಳಿದ.