ರಾಹುಕಾಲದ ಮೊದಲ ಅಂಗಡಿ

ಕಾಂಪ್ಲೆಕ್ಸಿಗೆ ಐವತ್ತು ತುಂಬಿತೆಂದು ಅಂಗಡಿಕಾರರ ಸಂಘದವರು ಅದರ ಇತಿಹಾಸವನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಲು ಹೊರಟರು. ಅವರ ಕಣ್ಣಿಗೆ ಬಿದ್ದ ಜಾಗ ಮೆಟ್ಟಿಲ ಕೆಳಗಿನದು. ಅಲ್ಲಿ ಮಾಬೂಬಿ ಹೊಲಿಗೆ ಮಶೀನಿಟ್ಟುಕೊಂಡು ಸೀರೆಗಳಿಗೆ ಫಾಲ್ ಹಚ್ಚುತ್ತ, ಪಿಕೋ ಮಾಡುತ್ತ ಕೂರುತ್ತಿದ್ದಳು. ಅವಳಿಗಿಂತ ಮುಂಚೆ ಅವಳ ಅಜ್ಜಿ, ನಾನಿ ಗುಲ್ಜಾರಬಿ. "ಸೋಮವಾರದೊಳಗ ಮಶೀನ್ ಎತ್ತವಾ" ಅಂದರು ಸಂಘದವರು. ಎತ್ತಿ ಎಲ್ಲಿಡಬೇಕೆಂದು ಯಾರೂ ಹೇಳಲಿಲ್ಲ.

ಮಾಬೂಬಿ ಮಾತಿನವಳಲ್ಲ. ಹಲ್ಲಿನ ನಡುವೆ ಯಾವಾಗಲೂ ದಾರ. ಕಿವಿ ಮಾತ್ರ ತೆರೆದೇ ಇರುತ್ತಿತ್ತು.

ಶನಿವಾರ ಕಲ್ಲಿನ ಬರಹ ಗೊತ್ತುಮಾಡಲು ಪಾತ್ರೆ ಅಂಗಡಿಯ ಗುರುಶಿದ್ದಪ್ಪ, ಸೀರೆ ಅಂಗಡಿಯ ಶಿವಯೋಗೀಶ ಮೆಟ್ಟಿಲ ಬಳಿ ನಿಂತರು. 'ಮೊದಲ ಅಂಗಡಿ' ಎಂಬ ಸಾಲಿಗೆ ಬಂದದ್ದೇ ತಡ, ಜಗಳ ಹತ್ತಿತು.

"ಉದ್ಘಾಟನಿ ಆಗಿದ್ದು ಶುಕ್ರವಾರ ಹನ್ನೊಂದಕ್ಕ. ಅವತ್ತಿನ ಉದ್ಘಾಟನಿ ಕಲ್ಲಿನ ಮ್ಯಾಲಿನ ಪರದಿ ಸರಿಸಿದ ಕೂಡ್ಲೇ ನಮ್ಮಪ್ಪ ಶಟರ್ ಎತ್ತಿದ" ಎಂದ ಗುರುಶಿದ್ದಪ್ಪ.

"ನಿಮ್ಮಪ್ಪ ಎತ್ತೂದ್ರಾಗ ನಮ್ಮಪ್ಪ ಎರಡು ಇಳಕಲ್ ಸೀರಿ ಮಾರಿದ್ದ. ಸುಮ್ನಿರಪಾ!"

ಮಾಬೂಬಿ ದಾರ ಕಡಿದಳು. "ಸಾವಕಾರ್ರ, ಶುಕ್ರವಾರ ಹನ್ನೊಂದಕ್ಕ ರಾಹುಕಾಲ ಅಲ್ಲೇನ್ರಿ?"

ಇವತ್ತಿಗೂ ಶುಕ್ರವಾರ ಹನ್ನೆರಡಾಗುವ ತನಕ ಇಬ್ಬರೂ ಹೊಸ ಮಾಲಿನ ಗಂಟು ಬಿಚ್ಚಿಸುವವರಲ್ಲ.

"ನಮ್ಮಪ್ಪ ರಾಹುಕಾಲದಾಗ ಶಟರ್ ಎತ್ತೂದಾ? ಬಿಡ್ತು ಅನ್ನವಾ! ಹನ್ನೆರಡು ಹೊಡದ ಮ್ಯಾಲೇ ಎತ್ತಿದ" ಎಂದ ಗುರುಶಿದ್ದಪ್ಪ.

"ನಮ್ಮಪ್ಪ ಹನ್ನೆರಡೂವರಿಗೆ!"

"ಖರೇ ಅಂದ್ರ ನಮ್ಮಪ್ಪ ಊಟಾ ಮಾಡಿ, ಒಂದಕ್ಕ!"

ಹೀಗೆ ಇಬ್ಬರೂ ತಮ್ಮ ತಮ್ಮ ಅಪ್ಪಂದಿರನ್ನು ಸಂಜೆಯವರೆಗೆ ಎಳೆದೊಯ್ಯುವ ಲಕ್ಷಣ ಕಂಡು ಮಾಬೂಬಿ ತಲೆಯೆತ್ತದೆ, "ಅವತ್ತಿನ ಪರದಿ ನಮ್ಮ ನಾನಿ ಹೊಲದದ್ರಿ" ಅಂದಳು.

ಶಿವಯೋಗೀಶ ಹಣೆ ಬಡಿದುಕೊಂಡ. "ಅಂದ್ರ ಉದ್ಘಾಟನಿಗಿಂತ ಮೊದ್ಲ ಈ ಮಶೀನ್ ಇಲ್ಲಿ ಓಡೇತಿ! ಗುಲ್ಜಾರಬಿ ಹೆಸರ ಹಾಕ್ರಿ. ನಿಮ್ಮಪ್ಪನ ಹೆಸರಿಗಿಂತ ಸಾವಿರ ಪಾಲು ಛಲೋ."

"ನಿಮ್ಮಪ್ಪನ ಹೆಸರಿಗಿಂತ ಲಕ್ಷ ಪಾಲು!"

ಅವರಿಬ್ಬರು ಒಂದು ಮಾತಿಗೆ ಒಪ್ಪಿದ್ದನ್ನು ಮಾಬೂಬಿ ಕಂಡದ್ದು ಅದೇ ಮೊದಲು. ಇನ್ನು ಮೊದಲ ಅಂಗಡಿಯನ್ನೇ ಎಬ್ಬಿಸಿ ಅದರ ಇತಿಹಾಸ ನಿಲ್ಲಿಸುವುದು ಹೇಗೆ? ಕಲ್ಲು ನೀರಿನ ಟಾಕಿಯ ಪಕ್ಕಕ್ಕೆ ಹೋಯಿತು.

ಸಂಜೆ ಹಳೇ ಹುಬ್ಬಳ್ಳಿಯ ಮನೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದ ನಾನಿ ಎಲ್ಲ ಕೇಳಿ, "ಏ ಹುಚ್ಚೀ, ಆ ಪರದಿ ಇದೇ ಪಡಸಾಲ್ಯಾಗ ಹೊಲದದ್ದು. ಮಶೀನ್ ಅಲ್ಲಿಗೆ ಒಯ್ದದ್ದು ಅದಾಗಿ ಎರಡು ವರ್ಷದ ಮ್ಯಾಲೆ. ನಿನಗ ಗೊತ್ತಿತ್ತಲ್ಲ?" ಅಂದಳು.

"ಗೊತ್ತಿತ್ತು, ನಾನಿ" ಎಂದಳು ಮಾಬೂಬಿ. "ಆದ್ರ ಎಲ್ಲಿ ಹೊಲದ್ಲು ಅಂತ ಅವರು ಕೇಳಲಿಲ್ಲ."