ಹೆಚ್ಚು ಬಂದ ಪಿಂಚಣಿ

ನಾನು ಕರಿ ಬಣ್ಣದ ಒಂದು ತಗಡಿನ ಟ್ರಂಕು. ಬೆಳಗಾವಿಯ ಬಾಬಾಜಾನ್ ಮಿಸ್ತ್ರಿ ನನ್ನನ್ನು ಬಡಿದು ಮಾಡಿದ. ಮೂಲೆಗಳಿಗೆ ಪಟ್ಟಿ ಹೊಡೆದು, ಒಳಗೆ ಹಸಿರು ಬಣ್ಣ ಬಳಿದು, ಸೈನ್ಯಕ್ಕೆ ಹೊಸದಾಗಿ ಸೇರಿದ್ದ ದುಂಡಪ್ಪನೆಂಬ ಹುಡುಗನಿಗೆ ಮಾರಿದ. ಆರು ವರ್ಷ ನಾನು ಅವನ ಮಂಚದ ಕೆಳಗಿದ್ದೆ. ಪಕ್ಕದ ಮಂಚ ಲಗಮಪ್ಪನದು. ಇಬ್ಬರೂ ಬೈಲಹೊಂಗಲದವರು.

ಒಂದು ಚಳಿಗಾಲ ಗಡಿಯ ಮೇಲೆ ಹಿಮ ಕುಸಿದು ದುಂಡಪ್ಪ ಹೋದ. ನನ್ನನ್ನು ಊರಿಗೆ ತಂದವನು ಲಗಮಪ್ಪ. ದುಂಡಪ್ಪನ ತಾಯಿ ರಾಯವ್ವ ನನ್ನ ಮುಚ್ಚಳ ತೆಗೆಯಲೇ ಇಲ್ಲ. ಇದನ್ನು ನೀನೇ ಇಟ್ಟುಕೋ, ನನಗೆ ನೋಡಲಾಗದು ಎಂದಳು. ಸರ್ಕಾರ ಕೊಟ್ಟ ಪಿಂಚಣಿ ದುಂಡಪ್ಪನ ಹೆಂಡತಿಗೆ ಹೋಯಿತು. ಆಕೆ ತವರಿಗೆ ಹೋದ ಮೇಲೆ ಈ ಕಡೆ ತಿರುಗಿ ನೋಡಲಿಲ್ಲ. ರಾಯವ್ವ ಒಂದು ಖಾನಾವಳಿಯಲ್ಲಿ ಭಾಂಡೆ ತೊಳೆಯಲು ನಿಂತಳು.

ಲಗಮಪ್ಪ ಹವಾಲ್ದಾರನಾಗಿ ನಿವೃತ್ತನಾಗಿ, ಊರಿನ ಬ್ಯಾಂಕಿನಲ್ಲಿ ಕಾವಲಿನ ಕೆಲಸಕ್ಕೆ ಸೇರಿದ. ಪಿಂಚಣಿಯೂ ಪಗಾರವೂ ಅದೇ ಬ್ಯಾಂಕಿನಿಂದ ಬರುತ್ತಿದ್ದವು. ಬ್ಯಾಂಕಿನವರು ಎರಡನ್ನೂ ಕೂಡಿಸಿ, ತೆರಿಗೆ ಮುರಿದುಕೊಂಡು ಉಳಿದದ್ದನ್ನು ಕೊಡುತ್ತಿದ್ದರು. ಇವನು ತಲೆಕೆಡಿಸಿಕೊಂಡವನಲ್ಲ. ಬಂದ ಕಾಗದಗಳನ್ನು ನನ್ನ ಹೊಟ್ಟೆಗೆ ಹಾಕಿ ಚಿಲಕ ಹಾಕುತ್ತಿದ್ದ.

ಒಂದು ವರ್ಷ ಪಿಂಚಣಿ ಕೊಡುವ ವ್ಯವಸ್ಥೆ ಬದಲಾಯಿತು. ದೂರದ ಯಾವುದೋ ಕಚೇರಿಯಿಂದ ನೇರವಾಗಿ ಖಾತೆಗೆ ಬೀಳತೊಡಗಿತು. ಆ ತಿಂಗಳು ಪಿಂಚಣಿ, ಪಗಾರ ಎರಡೂ ಸೇರಿ ಮೊದಲಿಗಿಂತ ಐದು ಸಾವಿರಕ್ಕೂ ಹೆಚ್ಚು ಬಂತು. ಸರ್ಕಾರ ಕಡೆಗೂ ಸಿಪಾಯಿಗಳ ನೆನಪು ಮಾಡಿಕೊಂಡಿತು ಎಂದು ಲಗಮಪ್ಪ ಹೆಂಡತಿ ಸತ್ಯವ್ವನಿಗೆ ಹೇಳಿದ. ಅವಳು ಹೋಳಿಗೆ ಮಾಡಿದಳು. ಅದರ ಮರುವಾರ ಇಂಗ್ಲಿಷಿನ ಒಂದು ಪತ್ರ ಬಂತು. ಲಗಮಪ್ಪ ಅದರ ಮೇಲಿನ ಮುದ್ರೆಯನ್ನು ನೋಡಿ, ಮಡಿಸಿ, ಉಳಿದವುಗಳ ಜೊತೆ ನನ್ನೊಳಗೆ ಇಟ್ಟ.

ಹೆಚ್ಚು ಬಂದ ಹಣದಲ್ಲಿ ತಿಂಗಳಿಗೆ ಮೂರು ಸಾವಿರವನ್ನು ಅವನು ರಾಯವ್ವನಿಗೆ ಕೊಡತೊಡಗಿದ. ಮಗ ಇದ್ದಿದ್ದರೆ ಕೊಡುತ್ತಿರಲಿಲ್ಲವೇ ಎಂದ. ಎಪ್ಪತ್ತು ದಾಟಿದ ರಾಯವ್ವ ಖಾನಾವಳಿ ಬಿಟ್ಟಳು. ಸೋಡಾ ಪುಡಿಗೆ ಬಿರಿದಿದ್ದ ಅವಳ ಬೆರಳುಗಳು ನಿಧಾನವಾಗಿ ಮಾಯ್ದವಂತೆ. ಸತ್ಯವ್ವ ಅದನ್ನು ನೋಡಿ ಬಂದು ಹೇಳಿದಳು.

ಮೂರು ವರ್ಷದ ಮೇಲೆ ತೆರಿಗೆಯ ನೋಟಿಸು ಬಂತು. ಬಡ್ಡಿ ಸೇರಿ ಎರಡು ಲಕ್ಷ ನಲವತ್ತು ಸಾವಿರ.

ಲಗಮಪ್ಪ ತೆರಿಗೆ ಲೆಕ್ಕ ಬರೆಯುವ ಮಠಪತಿಯನ್ನು ಮನೆಗೇ ಕರೆತಂದ. ಅವನು ನನ್ನ ಮುಂದೆ ಕುಳಿತು ಒಂದೊಂದೇ ಕಾಗದ ತೆಗೆದ. ಆ ಇಂಗ್ಲಿಷ್ ಪತ್ರ ಸಿಕ್ಕಾಗ ಎರಡು ಸಲ ಓದಿದ.

"ಹವಾಲ್ದಾರ್ರ, ನಿಮಗ ಪಿಂಚಣಿ ಬಿಟ್ಟು ಬ್ಯಾರೆ ಗಳಿಕಿ ಇದ್ರ ತಿಳಸ್ರಿ ಅಂತ ಇದರಾಗ ಕೇಳ್ಯಾರ. ನೀವು ತಿಳಸಲಿಲ್ಲ. ಅವರು ಪಿಂಚಣಿ ಅಷ್ಟ ನೋಡಿದ್ರು, ಬ್ಯಾಂಕಿನವರು ಪಗಾರ ಅಷ್ಟ ನೋಡಿದ್ರು. ಇಬ್ಬರಿಗೂ ನಿಮ್ಮ ಗಳಿಕಿ ಕಡಿಮಿ ಕಂಡೈತಿ. ತೆರಿಗಿ ಮುರೀಲಿಲ್ಲ."

"ಹಂಗಾರ ಅದು ಹೆಚ್ಚಿಗಿ ಆಗಿದ್ದಲ್ಲ?"

"ಅಲ್ಲರಿ. ಕಟ್ಟಬೇಕಾದ ರೊಕ್ಕನ ನಿಮ್ಮ ಕೈಯಾಗ ಉಳೀತು."

ಹೆಚ್ಚು ಬಂದ ಮೊದಲ ತಿಂಗಳೇ ಕೇಳಿದ್ದರೆ ಒಂದು ಅರ್ಜಿಯಲ್ಲಿ ಮುಗಿಯುತ್ತಿತ್ತು ಎಂದು ಮಠಪತಿ ಮೆಲ್ಲಗೆ ಹೇಳಿದ. ಜೀವನದಲ್ಲಿ ಒಬ್ಬರ ಕಾಸು ಇಟ್ಟುಕೊಂಡವನಲ್ಲ ಲಗಮಪ್ಪ. ನೋಟಿಸಿನಲ್ಲಿ ತನ್ನ ಹೆಸರಿದ್ದ ಸಾಲಿನ ಮೇಲೆ ಬೆರಳಿಟ್ಟುಕೊಂಡೇ ಕುಳಿತಿದ್ದ.

ಮನೆಯ ಮಾಡಿನ ಪತ್ರಾಸು ತಗಡು ತೆಗೆಸಿ ಸ್ಲ್ಯಾಬ್ ಹಾಕಿಸಲು ಇಟ್ಟಿದ್ದ ಠೇವಣಿ ಮುರಿಯಿತು. ಕಡಿಮೆ ಬಿದ್ದದ್ದಕ್ಕೆ ಸಾಲ ಮಾಡಿದ. ಅದೇ ವರ್ಷ ಅರವತ್ತು ತುಂಬಿ ಬ್ಯಾಂಕಿನ ಕೆಲಸವೂ ಮುಗಿಯಿತು. ರಾಯವ್ವನಿಗೆ ಕೊಡುತ್ತಿದ್ದ ಹಣ ನಿಂತಿತು, ಅವಳ ಮನೆಗೆ ಹೋಗಲು ಅವನ ಕಾಲು ಏಳಲಿಲ್ಲ. ಎರಡು ತಿಂಗಳು ಕಾದು ಅವಳೇ ಬಂದಳು. ಹೊಸ್ತಿಲ ಹತ್ತಿರ ಕುಳಿತು ಕೊಟ್ಟ ನೀರನ್ನು ಗುಟುಕು ಗುಟುಕಾಗಿ ಕುಡಿದಳು.

"ನನ್ನಿಂದ ಏನರ ತಪ್ಪಾತೇನೋ ಲಗಮಾ?"

"ಇಲ್ಲ ಯವ್ವಾ. ಆ ರೊಕ್ಕ ನಂದಾಗಿರಲಿಲ್ಲ. ನಂದಂತ ತಿಳಕೊಂಡು ನಿನಗ ಕೊಟ್ಟೆ."

ಅವಳಿಗೆ ಅರ್ಥವಾಯಿತೋ ಇಲ್ಲವೋ. ಅವನ ತಲೆ ಸವರಿ ಎದ್ದಳು. ಖಾನಾವಳಿಯವರು ಅವಳ ಜಾಗಕ್ಕೆ ಬೇರೆಯವಳನ್ನು ಇಟ್ಟುಕೊಂಡಿದ್ದರು. ಮೊದಲಿನ ಅರ್ಧ ಪಗಾರಕ್ಕೆ ಸಂಜೆ ಪಾಳಿ ಸಿಕ್ಕಿತಂತೆ. ಲಗಮಪ್ಪ ಆ ಬೀದಿಯಲ್ಲಿ ಹಾಯುವುದನ್ನೇ ಬಿಟ್ಟ. ಸಿಮೆಂಟ್ ಗೋದಾಮಿನ ಬಾಗಿಲಲ್ಲಿ ಕಾವಲು ನಿಂತ. ಮಾತು ಕಡಿಮೆಯಾಯಿತು, ಊಟ ಕಡಿಮೆಯಾಯಿತು. ಎರಡನೆಯ ಬೇಸಿಗೆಯಲ್ಲಿ ಅಲ್ಲಿಯೇ, ಕುರ್ಚಿಯಲ್ಲಿ ಕುಳಿತಂತೆಯೇ ತೀರಿಕೊಂಡ. ಸಾಲದ ಕಂತು ಇನ್ನೂ ಹದಿನಾಲ್ಕು ಉಳಿದಿತ್ತು.

ಈಗ ನನ್ನ ತಳ ತುಕ್ಕು ಹಿಡಿದು ತೂತಾಗಿದೆ. ಇಂದು ಮುಂಜಾನೆ ಸತ್ಯವ್ವ ನನ್ನನ್ನು ಗುಜರಿಯವನಿಗೆ ತೂಕಕ್ಕೆ ಹಾಕಿದಳು. ಅವನು ನನ್ನನ್ನು ಗಾಡಿಗೆ ಏರಿಸುವಾಗ ಅಂಚೆಯವನು ಬಂದು, ವಿಧವೆಯ ಪಿಂಚಣಿಯ ಕುರಿತದ್ದಿರಬೇಕು, ಅವಳ ಹೆಸರಿಗೆ ಒಂದು ಲಕೋಟೆ ಕೊಟ್ಟು ಹೋದ. ಅವಳು ಬಿಚ್ಚಿ ನೋಡಿದಳು. ಇಂಗ್ಲಿಷು. ಗುಜರಿಯವನಿಗೆ ತೋರಿಸಿದಳು, ಅವನು ತನಗೆ ಓದು ಬರದೆಂದ. ಮಠಪತಿ ಊರು ಬಿಟ್ಟು ವರ್ಷವಾಗಿತ್ತು. ಸತ್ಯವ್ವ ಚಪ್ಪಲಿ ಮೆಟ್ಟಿಕೊಂಡು, ಪತ್ರವನ್ನು ಎದೆಗೆ ಒತ್ತಿ ಹಿಡಿದು, ಓದಿ ಹೇಳುವವರನ್ನು ಹುಡುಕುತ್ತ ಬಿಸಿಲಿಗೆ ಇಳಿದಳು. ಮೊದಲ ಮನೆಯ ಕದ ತಟ್ಟಿದಳು, ಯಾರೂ ತೆರೆಯಲಿಲ್ಲ. ಎರಡನೆಯದಕ್ಕೆ ಹೋದಳು. ಅಷ್ಟರಲ್ಲಿ ನನ್ನ ಗಾಡಿ ತಿರುವು ದಾಟಿತು.